ಕಂಬಕ್ಕೆ ಬೇಕಾದ ಕೂಸು

ಹುಕ್ಕೇರಿ, ೧೯೫೮

ಚಿರಂಜೀವಿ ಸತ್ಯಪ್ಪ,

ನಾನು ನಿನ್ನ ತಾಯಿ ಉದ್ದವ್ವ, ಈ ಓಣಿಗೆ ಹಿರಿಯಳು. ನಾನು ಹೋಗದೆ ಇಲ್ಲಿ ಯಾರ ಕೂಸನ್ನೂ ತೊಟ್ಟಿಲಿಗೆ ಹಾಕುವುದಿಲ್ಲ.

ನೀನು ಮೇಸ್ತ್ರಿಯಾಗಿರುವ ಸೇತುವೆಯ ಕಂಬಕ್ಕೆ ಕೂಸನ್ನು ಬಲಿ ಕೊಡುತ್ತಾರೆಂದು ಓಣಿಯೆಲ್ಲ ನಂಬಿದೆ. ಸುಳ್ಳೆಂದು ತೋರಿಸಲು ನಿನ್ನೆ ನಿನ್ನ ಮಗನನ್ನೇ ಎತ್ತಿಕೊಂಡು ಅಲ್ಲಿಗೆ ಹೋಗಿ ಬಂದೆ.

ಪಕ್ಕದ ಮನೆಯ ಕೆಂಪವ್ವ ನಕ್ಕಳು. “ಮೇಸ್ತ್ರಿ ಮಗನ್ನ ಯಾಕ ಮುಟ್ತಾರ್ರಿ, ಅಕ್ಕಾರ? ಅವರಿಗೆ ಬೇಕಾಗಿದ್ದು ನಮ್ಮ ಕೂಸು.”

ಇಂದು ಅವಳ ಮೊಮ್ಮಗಳ ತೊಟ್ಟಿಲಿಗೆ ನನ್ನನ್ನು ಕರೆಯಲಿಲ್ಲ. “ನಿಮ್ಮ ಮಗನ್ನ ಬಿಡ್ರಿ, ಮೊದಲಿನಂಗ ಕರೀತೇವಿ” ಎಂದಳು.

ಈ ಪತ್ರವನ್ನು ಕಳಿಸುವುದಿಲ್ಲ, ಅದಕ್ಕೇ ಬರೆಯುತ್ತೇನೆ: ಅವರ ಮಾತು ಸುಳ್ಳೆಂದು ನನಗೆ ಈಗಲೂ ಗೊತ್ತು. ಆದರೆ ಈ ಓಣಿ ಬಿಟ್ಟರೆ ನನಗೆ ಬೇರೆ ಊರಿಲ್ಲ. ಇನ್ನು ಮನೆಗೆ ಬರಬೇಡವೆಂದು ನಿನಗೆ ಹೇಳಿ ಕಳಿಸಿದೆ. ನಿನಗೆಂದು ಕಟ್ಟಿದ್ದ ಬುತ್ತಿ ಬಿಚ್ಚಿ, ರೊಟ್ಟಿಯನ್ನು ಎಮ್ಮೆಗೆ ಹಾಕಿದೆ.