ಮೇಲಕ್ಕೊಂದು ಅರ್ಜಿ

೨೩-೧-೬೭, ಸೋಮವಾರ

ಸಂತೆ ದಿನ. ಹನ್ನೊಂದು ಅರ್ಜಿ ಬರೆದೆ. ರೇಶನ್ ಕಾರ್ಡಿಗೆ ನಾಲ್ಕು, ಕೋವಿ ಲೈಸೆನ್ಸಿಗೆ ಎರಡು, ಉಳಿದದ್ದೆಲ್ಲ ಗಡಿ ಜಗಳ. ತಾಲೂಕು ಆಫೀಸಿನ ಜಗಲಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಆಯ್ತು. ಬೆರಳೇ ನಿಬ್ಬಿನ ಹಾಗೆ ಬಗ್ಗಿದೆ.

ಮೂರು ಗಂಟೆಗೆ ಮಗಳು ನೆಬೀಸ ಜಗಲಿಗೇ ಬಂದಳು. ಯಾವತ್ತೂ ಬಂದವಳಲ್ಲ. ಸಂತೆ ಜನ ಎಲ್ಲ ನೋಡ್ತಾ ಇದ್ರು. ತಲೆಗೆ ಹೊದ್ದ ತಟ್ಟದ ಬಟ್ಟೆ ಸರಿ ಮಾಡಿಕೊಂಡು ಹೇಳಿದಳು — "ಬಾಪ, ಕಾಲೇಜು ಬೋರ್ಡಲ್ಲಿ ನನ್ನ ಹೆಸರು ಹಾಕಿದ್ದಾರೆ. ಹಾಜರಿ ಕಮ್ಮಿ ಅಂತೆ. ಹಾಲ್ ಟಿಕೆಟ್ ಕೊಡುದಿಲ್ಲ ಅಂತೆ."

ಟೈಫಾಯಿಡ್. ನಲ್ವತ್ತೊಂದು ದಿನ ಮಲಗಿದ್ದಳು. ಬದುಕಿದ್ದೇ ದೊಡ್ಡದು ಅಂತ ನಾವು. ಹಾಜರಿ ಲೆಕ್ಕ ಯಾರಿಗೆ ನೆನಪು?

ಬಿ.ಎ. ಕೊನೇ ವರ್ಷ. ಏಪ್ರಿಲ್ ಮೂರಕ್ಕೆ ಪರೀಕ್ಷೆ. ಈ ಏಪ್ರಿಲ್ ತಪ್ಪಿದ್ರೆ ಇನ್ನೊಂದು ಏಪ್ರಿಲ್ ಇಲ್ಲ ಅವಳಿಗೆ. ಅದು ನನಗೂ ಗೊತ್ತುಂಟು, ಅವಳಿಗೂ ಗೊತ್ತುಂಟು. ಅವಳ ಮಾಮ ಹಕೀಮನಿಗೆ ನಾನು ಕೊಟ್ಟ ಮಾತು — "ಪರೀಕ್ಷೆ ಬರೆದು ಮುಗಿಸ್ಲಿ. ಮರುದಿನದಿಂದ ನೀನು ಹೇಳಿದ ಹಾಗೆ." ಹಕೀಮ್ ಅಂದ್ರೆ ನನ್ನ ಹೆಂಡತಿಯ ತಮ್ಮ, ಕಡಬದಲ್ಲಿ ಮರದ ವ್ಯಾಪಾರ. ಗಂಡು ನೋಡಿ ಇಟ್ಟಿದ್ದಾನೆ. ಮೇಯಲ್ಲಿ ನಿಕಾಹ್. ಆ ಮನೆಯವರು ಆಗಲೇ ಹೇಳಿದ್ದಾರೆ — ನಿಕಾಹ್ ಆದ ಮೇಲೆ ಪುಸ್ತಕ ಮುಟ್ಟುದು ಬೇಡ.

ಕಾಲೇಜಿಗೆ ಹೋದೆ. ಹೆಡ್ ಕ್ಲರ್ಕ್ ತ್ಯಾಂಪಣ್ಣ ಪಾಪದವರು. ಸುಳ್ಯ ಕಡೆಯವರು.

"ಹೆದರುದೆಂತಕ್ಕೆ ಮಾರಾಯ್ರೆ? ಕಂಡೊನೇಶನ್ ಅಂತ ಉಂಟು, ಹಾಜರಿ ಕೊರತೆ ಮನ್ನಾ ಮಾಡುದು. ಡಾಕ್ಟ್ರ ಸರ್ಟಿಫಿಕೇಟ್ ಇಟ್ಟು ಅರ್ಜಿ ಕೊಡಿ. ಪ್ರಿನ್ಸಿಪಾಲರು ಶಿಫಾರಸು ಬರೆದು ಮೈಸೂರಿಗೆ ರಿಜಿಸ್ಟ್ರಾರರಿಗೆ ಕಳಿಸ್ತಾರೆ. ಅವರು ಸಿಂಡಿಕೇಟ್ ಮೀಟಿಂಗಿಗೆ ಇಡ್ತಾರೆ. ಒಂಬತ್ತು ಮಕ್ಕಳದ್ದು ಉಂಟು, ಒಟ್ಟಿಗೇ ಹೋಗ್ತದೆ."

ಕೊಟ್ಟೆ. ಆದ್ರೂ ಮನಸ್ಸು ಕೂರ್ಲಿಲ್ಲ. ಒಂಬತ್ತರಲ್ಲಿ ಒಂದು ಕಾಗದ!

೨೫-೧-೬೭

ನಿನ್ನೆ ಇಡೀ ಯೋಚನೆ. ನನ್ನ ಕಸುಬು ಎಂತ? ಅರ್ಜಿ. ಊರಿನವರದ್ದೆಲ್ಲ ನಡೆಸಿಕೊಟ್ಟವ ಮಗಳದ್ದನ್ನು ಕ್ಲರ್ಕನ ಕವರಿಗೆ ಹಾಕಿ ಸುಮ್ಮನೆ ಕೂರುದಾ?

ಶಾನುಭೋಗ ಕೆಲಸ ಮಾಡದಿದ್ರೆ ತಹಶೀಲ್ದಾರ್. ತಹಶೀಲ್ದಾರ್ ಕೇಳದಿದ್ರೆ ಕಲೆಕ್ಟರ್. ಮೇಲಿನವ ಕೆಮ್ಮಿದ್ರೆ ಕೆಳಗಿನವ ಎದ್ದು ನಿಲ್ತಾನೆ. ಇದು ಇಪ್ಪತ್ತೆಂಟು ವರ್ಷದ ವಿದ್ಯೆ.

ಹಾಗಾದ್ರೆ ಯುನಿವರ್ಸಿಟಿಯಲ್ಲಿ ಎಲ್ಲರಿಗಿಂತ ಮೇಲೆ ಯಾರು? ನೆಬೀಸಳ ಕಾಲೇಜಿನ ನಿಯಮ ಪುಸ್ತಕ ತೆಗೆದು ನೋಡಿದೆ. ಚಾನ್ಸಲರ್. ಅಂದ್ರೆ ಗವರ್ನರರೇ! ಅವರ ಕೆಳಗೆ ವೈಸ್ ಚಾನ್ಸಲರ್. ಮತ್ತೆ ಸೆನೇಟ್, ಸಿಂಡಿಕೇಟ್, ರಿಜಿಸ್ಟ್ರಾರ್... ವೈಸ್ ಅಂದ್ರೆ ಗೊತ್ತುಂಟು. ನಮ್ಮ ಪಂಚಾಯತಿನ ವೈಸ್ ಪ್ರೆಸಿಡೆಂಟ್ ಎಂತ ಮಾಡುದು? ಪ್ರೆಸಿಡೆಂಟ್ ಇಲ್ಲದ ದಿನ ಅವರ ಕುರ್ಚಿಯಲ್ಲಿ ಕೂತು ಚಾ ಕುಡಿಯುದು.

ಗವರ್ನರರಿಗೇ ಬರೆದೆ. ನಾಲ್ಕು ಪುಟ. ಒಳ್ಳೆ ಕಾಗದ. ನಮ್ಮ ಜಮಾತಿನಲ್ಲಿ ಕಾಲೇಜು ಮೆಟ್ಟಲು ಹತ್ತಿದ ಮೊದಲ ಹೆಣ್ಣು ಅಂತ ಬರೆಯುವಾಗ ನನಗೇ ಕಣ್ಣು ಒದ್ದೆ ಆಯ್ತು.

ನೆಬೀಸ ಪೆನ್ನು ಹಿಡಿದು ನಿಂತಳು. ಸೈನ್ ಹಾಕ್ಲಿಲ್ಲ.

"ಪ್ರಿನ್ಸಿಪಾಲರ ಮೂಲಕ ಹೋಗಿದೆಯಲ್ಲ ಬಾಪ. ಸಾಕಲ್ಲ?"

"ಅರ್ಜಿ ಬರೆಯುವವ ನಾನಾ ನೀನಾ?"

ಹಾಕಿದಳು. ರಿಜಿಸ್ಟರ್ಡ್ ಪೋಸ್ಟ್.

೨-೨-೬೭

ಬೆಂಗಳೂರಿನಿಂದ ಅಕ್ನಾಲೆಜ್‌ಮೆಂಟ್ ಬಂತು! ಉರುಟು ಸೀಲು. ಜಗಲಿಯಲ್ಲಿ ಎಲ್ಲರಿಗೂ ತೋರಿಸಿದೆ. ಚಾ ಹೋಟ್ಲಿನ ಅದ್ದುವಿಗೆ ಎರಡು ಸಲ. "ಇನ್ನು ನಿಮ್ಮ ಮಗಳು ಗವರ್ನರರ ಮಗಳೇ ಅದ್ರಾಮಾಕ" ಅಂತ ಅವನ ತಮಾಷೆ.

ಮಧ್ಯಾಹ್ನ ಗೇಣಿ ಒಕ್ಕಲು ಚೆನ್ನಪ್ಪ ಬಂದ. ಧನಿ ಗದ್ದೆ ಬಿಡಿಸ್ತಾರಂತೆ, ಆಳು ಕರ್ಕೊಂಡು ತಾಲೂಕಿನ ಅಮೀನ ಬರ್ತಾನಂತೆ, ಅಳುದು. ಅವನಿಗೂ ಮೇಲಕ್ಕೊಂದು ಬರೆದು ಕೊಟ್ಟೆ.

"ಇದರಿಂದ ಗದ್ದೆ ಸಿಗ್ತದಾ ಬ್ಯಾರಿಗಳೇ?"

"ಸಿಗುದಿಲ್ಲ. ಆದ್ರೆ ಮೇಲಿನವರು ವರದಿ ಕೇಳ್ತಾರೆ. ವರದಿ ಹೋಗಿ ಉತ್ತರ ಬರುವವರೆಗೆ ಕೆಳಗಿನವ ಕೈ ಹಾಕುವ ಹಾಗಿಲ್ಲ. ಆರು ತಿಂಗಳು ನಿಶ್ಚಿಂತೆ ನಿನಗೆ."

ಕಾಲು ಹಿಡೀಲಿಕ್ಕೆ ಬಗ್ಗಿದ. ಬೇಡ ಮಾರಾಯ ಅಂದೆ. ಒಳ್ಳೆ ದಿನ.

೨೭-೨-೬೭

ಚುನಾವಣೆ ಗಲಾಟೆ ಎಲ್ಲ ಮುಗೀತು. ಮೈಸೂರಿನಿಂದ ಸುದ್ದಿ ಇಲ್ಲ. ಮಾರ್ಚ್ ಹನ್ನೊಂದಕ್ಕೆ ಸಿಂಡಿಕೇಟ್ ಅಂತೆ.

ನೆಬೀಸ ಓದುದೇ ಓದುದು. ಅಡಿಗೆ ಕೋಣೆಯಲ್ಲಿ ಮೀನು ಉಜ್ಜುವಾಗಲೂ ತುಟಿ ಅಲ್ಲಾಡ್ತದೆ. ಅವಳ ಉಮ್ಮ, ನನ್ನ ಹೆಂಡತಿ ಕುಂಞಿಪಾತುಮ್ಮ ಹೇಳುದು — "ನಿಮ್ಮದೇ ಬಾಯಿ ಅವಳಿಗೆ. ಆದ್ರೆ ಅವಳದ್ದರಲ್ಲಿ ಸದ್ದಿಲ್ಲ, ಅಲ್‌ಹಮ್ದುಲಿಲ್ಲಾ."

೧೭-೩-೬೭, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಹೊರಗೆ ಬರುವಾಗ ಪಳ್ಳಿ ಗೇಟಲ್ಲಿ ತ್ಯಾಂಪಣ್ಣ ನಿಂತಿದ್ರು. ಪಳ್ಳಿ ಹತ್ತಿರ ಬರುವ ಜನ ಅಲ್ಲ. ಮುಖ ನೋಡುವಾಗಲೇ ಗೊತ್ತಾಯ್ತು.

"ಎಂಟು ಮಕ್ಕಳದ್ದು ಪಾಸಾಯ್ತು ಅದ್ರಾಮರೆ."

"ಎಂಟಾ?"

"ನೆಬೀಸಳದ್ದು ಮೀಟಿಂಗಿಗೆ ಇಡ್ಲೇ ಇಲ್ಲ ಅಂತೆ. ಯಾಕೆ ಅಂತ ಬರೆದಿಲ್ಲ."

ಎಂಟರಲ್ಲಿ ಒಬ್ಬ ಇಡೀ ವರ್ಷ ದರ್ಬೆಯ ಅಂಗಡಿಯಲ್ಲಿ ಕೇರಂ ಆಡಿದವ. ಅವನದ್ದು ಆಯ್ತು. ಟೈಫಾಯಿಡಲ್ಲಿ ಸತ್ತು ಹುಟ್ಟಿದವಳದ್ದು ಇಲ್ಲ!

ನಾಡಿದ್ದು ಮೈಸೂರಿಗೆ ಬಸ್ ಹತ್ತುದು. ನಾನೇ ಹೋಗಿ ಕೇಳ್ತೇನೆ.

೧೯-೩-೬೭

ಮಡಿಕೇರಿ ಬಸ್ಸಲ್ಲಿ. ಕಲ್ಲುಗುಂಡಿಯಲ್ಲಿ ರೇಡಿಯೇಟರಿಗೆ ನೀರು ಹಾಕ್ತಾ ಇದ್ದಾರೆ, ಅದಕ್ಕೆ ಬರೀಲಿಕ್ಕೆ ಆಗುದು. ಬೈಲಿಕ್ಕೆ ಮಾತು ಜೋಡಿಸ್ತಾ ಇದ್ದೇನೆ. ಕನ್ನಡದಲ್ಲಿ ಬೈದ್ರೆ ಮೈಸೂರಿನವರಿಗೆ ನಮ್ಮ ಕನ್ನಡ ಕೇಳಿ ನಗೆ ಬರ್ತದೆ. ಮತ್ತೆಂತದರಲ್ಲಿ ಬೈಯುದು?

೨೦-೩-೬೭, ಮೈಸೂರು. ಸಂಜೆ ನಾಲ್ಕು.

ಬೈಲಿಕ್ಕೆ ಆಗ್ಲಿಲ್ಲ.

ರಿಜಿಸ್ಟ್ರಾರ್ ಆಫೀಸಿನ ಸೂಪರಿಂಟೆಂಡೆಂಟ್ ವಯಸ್ಸಾದ ಜನ. ಕೂತ್ಕೊಳ್ಳಿ ಅಂದ್ರು, ನೀರು ಕೊಡಿಸಿದ್ರು. ಫೈಲ್ ತೆಗೆದ್ರು. ಅದರಲ್ಲಿ — ನನ್ನದೇ ಅಕ್ಷರ. ನಾಲ್ಕು ಪುಟ. ಮೇಲೆ ಬೆಂಗಳೂರಿನ ಸೀಲು. ಮೂಲೆಯಲ್ಲಿ ಒಂದೇ ಸಾಲು: ವರದಿಗಾಗಿ.

"ಇದು ನೀವು ಕಳಿಸಿದ್ದಾ?"

"ಹೌದು."

"ಯಾಕ್ರೀ ಕಳಿಸಿದ್ರಿ? ಪ್ರಿನ್ಸಿಪಾಲರದ್ದು ಸರಿಯಾಗಿ ಬಂದಿತ್ತಲ್ಲ. ಪಟ್ಟಿಯಲ್ಲಿ ಮೂರನೇ ಹೆಸರು. ಆದ್ರೆ ಚಾನ್ಸಲರ್ ಕಚೇರಿ ವರದಿ ಕೇಳಿದ ಮೇಲೆ, ಅದಕ್ಕೆ ಉತ್ತರ ಹೋಗೋವರೆಗೆ ನಾವು ಕೈ ಹಾಕೋ ಹಾಗಿಲ್ಲ."

ಕೈ ಹಾಕುವ ಹಾಗಿಲ್ಲ. ಚೆನ್ನಪ್ಪನಿಗೆ ನಾನು ಹೇಳಿದ ಮಾತು. ಅಕ್ಷರ ಅಕ್ಷರ ಅದೇ.

ಅಮೀನನನ್ನು ನಿಲ್ಲಿಸುವ ಅರ್ಜಿ ಹಾಕಿ ಮಗಳನ್ನು ನಿಲ್ಲಿಸಿದೆ. ಯಾರೂ ಏನೂ ಮಾಡ್ಲಿಲ್ಲ ಅವಳಿಗೆ. ನಾನೇ.

ಅವರು ಮೆಲ್ಲ ಬಿಡಿಸಿ ಹೇಳಿದ್ರು. ಚಾನ್ಸಲರ್ ಅಂದ್ರೆ ಪದವಿ ಕೊಡುವ ದಿನ ಗೌನು ಹಾಕಿ ಬರುವ ದೊಡ್ಡವರು. ದಿನದ ಆಡಳಿತ ಎಲ್ಲ ವೈಸ್ ಚಾನ್ಸಲರರದ್ದು. ಸೆನೇಟ್ ದೊಡ್ಡ ಸಭೆ, ಅಪರೂಪಕ್ಕೆ ಸೇರುದು. ಹೌದು-ಅಲ್ಲ ಹೇಳುದು ಸಿಂಡಿಕೇಟ್. ಕಾಗದ, ಸೀಲು ರಿಜಿಸ್ಟ್ರಾರರ ಕೈಯಲ್ಲಿ. ಕೇಳ್ತಾ ಕೇಳ್ತಾ ಅನಿಸಿತು — ಇದು ನಮ್ಮ ಜಮಾತೇ ಅಲ್ವಾ? ಖಾಜಿ ದೊಡ್ಡವರು, ಹೌದು. ಆದ್ರೆ ಮಳೆಗೆ ಪಳ್ಳಿ ಬಾಗಿಲು ತೆಗೀಬೇಕಾದ್ರೆ ಯಾರಾದ್ರೂ ಖಾಜಿ ಮನೆಗೆ ಓಡ್ತಾರಾ? ಬೀಗದ ಕೈ ಪಳ್ಳಿ ನೋಡಿಕೊಳ್ಳುವ ಮುಕ್ರಿಯ ಸೊಂಟದಲ್ಲಿ. ಹುಟ್ಟಿದಾಗಿನಿಂದ ನೋಡಿದ್ದು. ಇಲ್ಲಿ ಮಾತ್ರ ಮರೆತೆ. ಉರುಟು ಸೀಲಿನ ಆಸೆ.

"ದಾರಿ ಇಲ್ಲವಾ ಸರ್?"

"ಮುಂದಿನ ಸಿಂಡಿಕೇಟ್ ಏಪ್ರಿಲ್ ಹದಿನೈದಕ್ಕೆ. ತುರ್ತಿದ್ರೆ ವೈಸ್ ಚಾನ್ಸಲರ್ ಒಬ್ಬರೇ ಆರ್ಡರ್ ಮಾಡಬಹುದು, ಅಧಿಕಾರ ಇದೆ. ದಿಲ್ಲಿಗೆ ಹೋಗಿದ್ದಾರೆ, ಇಪ್ಪತ್ತೊಂಬತ್ತಕ್ಕೆ ಬರ್ತಾರೆ. ಆದ್ರೆ ಮೊದಲು ಈ ನಾಲ್ಕು ಪುಟ ಹಿಂದಕ್ಕೆ ತಗೊಂಡಿದ್ದೇನೆ ಅಂತ ಬೆಂಗಳೂರಿಗೆ ಕಾಗದ ಹೋಗಬೇಕು, ಅಲ್ಲಿಂದ ನಮಗೆ ಉತ್ತರ ಬರಬೇಕು. ಅರ್ಜಿದಾರಳದ್ದೇ ಸೈನ್."

ಅಲ್ಲೇ ಬೆಂಚಲ್ಲಿ ಕೂತು ಬರೆದೆ. ಸೈನಿನ ಜಾಗ ಖಾಲಿ. ಅವಳ ಸೈನ್ ನನಗೆ ಬಾಯಿಪಾಠ — ಕೊನೆಗೆ ಸಣ್ಣ ಬಾಲ. ಪೆನ್ನು ತಂದು ಕಾಗದಕ್ಕೆ ತಾಗಿಸಿದೆ ಕೂಡ. ಒಂದು ಚುಕ್ಕೆ ಬಿತ್ತು. ಎಷ್ಟೋ ಜನರ ಹೆಬ್ಬೆಟ್ಟು ಒತ್ತಿಸಿದ್ದೇನೆ, ಇನ್ನೊಬ್ಬರ ಸೈನ್ ಹಾಕಿದವನಲ್ಲ. ಕಾಗದ ಹರಿದೆ.

ಊರಿಗೆ ಹೋಗಿ ಹೇಳ್ಬೇಕು. ಎಂತ ಹೇಳುದು?

೨೨-೩-೬೭, ಹಬ್ಬ

ಬಕ್ರೀದ್. ಹೊಸ ಅಂಗಿ. ಹಕೀಮ್ ಕಡಬದಿಂದ ಮಾಂಸ ತಂದ. ನಗ್ತಾ ಇದ್ದ. ಅವನ ಎದುರು ನಾನೂ ನಕ್ಕೆ.

ಅವನು ಹೋದ ಮೇಲೆ ನೆಬೀಸಳನ್ನು ಹಿತ್ತಿಲಿಗೆ ಕರೆದು ಹೇಳಿದೆ. ಎಲ್ಲ. ಕೂಗ್ತಾಳೆ ಅಂತ ಗ್ರಹಿಸಿದೆ. ಕೂಗ್ಲಿಲ್ಲ.

"ಪಟ್ಟಿಯಲ್ಲಿ ನನ್ನದು ಎಷ್ಟನೇದು?"

"ಮೂರನೇದು."

ಅಷ್ಟೇ. ಒಳಗೆ ಹೋಗಿ ಅವಳೇ ಕಾಗದ ಬರೆದು ತಂದಳು. ನಾನು ಬರೆದು ಕೊಡ್ತೇನೆ ಅಂದದ್ದು ಕಿವಿಗೇ ಹಾಕ್ಲಿಲ್ಲ. ನಾಲ್ಕು ಸಾಲು. ಘನ ಇಲ್ಲ, ಸನ್ನಿಧಾನ ಇಲ್ಲ, ಕೈಮುಗಿಯುದು ಇಲ್ಲ. ಎಂತ ಬೇಕೋ ಅದು ಮಾತ್ರ. ನನ್ನ ಜೀವಮಾನದಲ್ಲಿ ಅಂಥ ಅರ್ಜಿ ಬರೆದಿಲ್ಲ ನಾನು.

ನಾಳೆ ಬೆಳಗ್ಗೆ ಟಪ್ಪಾಲು. ನಾಡಿದ್ದು ಗುಡ್ ಫ್ರೈಡೇ, ರಜೆ. ಮತ್ತೆ ಭಾನುವಾರ... ಯಾ ರಬ್ಬೇ, ಕ್ಯಾಲೆಂಡರಲ್ಲಿ ಎಷ್ಟು ಕೆಂಪು!

೩೦-೩-೬೭

ತ್ಯಾಂಪಣ್ಣ ಮೈಸೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ರು, ಕಾಲೇಜಿನ ಕೆಲಸ ಅಂತ ಬರೆಸಿ. ಎರಡು ಗಂಟೆ ಕಾದು ಸಿಕ್ಕಿತು. ವೈಸ್ ಚಾನ್ಸಲರ್ ಬಂದಿದ್ದಾರೆ. ಬೆಂಗಳೂರಿನ ಕಾಗದ ಬರ್ಲಿಲ್ಲ.

೧-೪-೬೭

ಬರ್ಲಿಲ್ಲ.

೩-೪-೬೭, ಸೋಮವಾರ

ಬೆಳಗ್ಗೆ ಎಂಟು — ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಪೆನ್ನಿಗೆ ಇಂಕು ತುಂಬಿಸಿದಳು. "ಎಲ್ಲಿಗೆ ಮಗಾ?" ಅಂತ ಅವಳ ಉಮ್ಮ. "ಕಾಲೇಜಿಗೆ. ತಂತಿ ಬಂದ್ರೆ ನಾನು ಅಲ್ಲಿ ಇರ್ಬೇಕಲ್ಲ."

ಹತ್ತು — ಶುರುವಾಗಿರ್ತದೆ. ಸಂತೆಗೆ ಹೋಗ್ಲಿಲ್ಲ ನಾನು. ಮನೆಯಿಂದ ಕಾಲೇಜಿಗೆ ಹತ್ತು ನಿಮಿಷ. ಬಿಡದಿದ್ರೆ ಹತ್ತೂಕಾಲಿಗೆ ವಾಪಾಸು ಬರ್ತಾಳೆ.

ಹತ್ತೂಕಾಲು — ಇಲ್ಲ.

ಹತ್ತೂವರೆ — ಇಲ್ಲ! ಅರ್ಧ ಗಂಟೆ ಕಳೆದ್ರೆ ಪರೀಕ್ಷೆ ಹಾಲಿನ ಬಾಗಿಲು ಹಾಕ್ತಾರೆ. ಅಂದ್ರೆ ಒಳಗೆ ಕೂತಿದ್ದಾಳೆ. ಕುಂಞಿಪಾತುಮ್ಮ ತಸ್ಬೀ ಮಣಿ ಹಿಡಿದು ಕೂತಿದ್ದಾಳೆ, ನಾನು ಹೇಳಿದೆ ಅವಳಿಗೆ, ಒಳಗೆ ಕೂತಿದ್ದಾಳೆ ಅಂತ.

ಹನ್ನೊಂದು — ಬಂದಳು. ಬಾಗಿಲು ಹಾಕುವವರೆಗೆ ನಿಂತಿದ್ದಳಂತೆ. ಹಾಕುವ ಮೊದಲು ತ್ಯಾಂಪಣ್ಣ ಹೊರಗೆ ಬಂದು ಇವಳ ಮುಖ ನೋಡ್ಲಿಕ್ಕೆ ಆಗದೆ ಮರದ ಕಡೆ ತಿರುಗಿ "ಹೋಗು ಮಗಾ" ಅಂದ್ರಂತೆ. ಪೆನ್ನಿನ ಇಂಕು ಶೀಸೆಗೆ ವಾಪಾಸು ಹಾಕಿದಳು. ಒಂದು ಹನಿ ಚೆಲ್ಲದೆ.

೧೨-೪-೬೭

ಒಂಬತ್ತು ದಿನ ಬರೀಲಿಲ್ಲ. ಜಗಲಿಯಲ್ಲಿ ಒಬ್ಬ "ಕಲೆಕ್ಟರಿಗೆ ಬರೀರಿ" ಅಂದಾಗ ಪೆನ್ನು ಕೆಳಗಿಟ್ಟೆ. "ಮೊದಲು ಶಾನುಭೋಗನ ಹತ್ತಿರ ಹೋಗಿ ಕೇಳು" ಅಂದೆ. ಅದ್ದು ಗಾಬರಿ — "ಜ್ವರವಾ ಅದ್ರಾಮಾಕ?"

ಇವತ್ತು ಆರ್ಡರ್ ಬಂತು. ವೈಸ್ ಚಾನ್ಸಲರರ ಸೈನ್, ಎಂಟನೇ ತಾರೀಕು. ಹಾಜರಿ ಕೊರತೆ ಮನ್ನಾ. ಪರೀಕ್ಷೆ ಶುರುವಾಗಿ ಐದು ದಿನಕ್ಕೆ!

ನಾನು ಆ ಕಾಗದವನ್ನು ಒಲೆಗೆ ಹಾಕ್ತಿದ್ದೆ. ನೆಬೀಸ ಕೈಯಿಂದ ತಗೊಂಡಳು. ಓದಿದಳು. ಇನ್ನೊಮ್ಮೆ ಓದಿದಳು.

"ಬಾಪ, ಹಾಜರಿ ಸರಿಯಾಯ್ತಲ್ಲ. ಇನ್ನು ಕ್ಲಾಸಿಗೆ ಕೂರುದು ಬೇಡ. ಸೆಪ್ಟೆಂಬರ್ ಪರೀಕ್ಷೆಗೆ ಕಟ್ಬಹುದು. ತ್ಯಾಂಪಣ್ಣನವರ ಹತ್ತಿರ ಮೊನ್ನೆಯೇ ಕೇಳಿ ಬಂದೆ."

"ಮೇಯಲ್ಲಿ ನಿಕಾಹ್ ಉಂಟು ಮಗಾ."

"ಪರೀಕ್ಷೆಯ ಅರ್ಜಿ ನಾನು ಬರೀತೇನೆ. ನೀವು ಮಾಮನಿಗೆ ಹೇಳಿ."

"ನನಗೆ ಬಾಯಿ ಬರುದಿಲ್ಲ."

ಒಳಗಿನಿಂದ ಕುಂಞಿಪಾತುಮ್ಮ — "ಬಾಯಿ ಬರುದಿಲ್ಲವಾ? ನಿಮಗಾ?" ನಗೆ ಬಂದುಬಿಟ್ಟಿತು ಅವಳಿಗೆ. ನೆಬೀಸಳಿಗೂ. ಹಬ್ಬದ ನಂತರ ಈ ಮನೆಯಲ್ಲಿ ಮೊದಲು.

೧೩-೪-೬೭, ಬೆಳಗ್ಗೆ

ನಾಳೆ ಜುಮ್ಮಾ ಕಳೆದು ಹಕೀಮ್ ಗಂಡಿನವರನ್ನು ಕರ್ಕೊಂಡು ಬರ್ತಾನೆ, ತಾರೀಕು ಗುರುತು ಮಾಡ್ಲಿಕ್ಕೆ. ಅದಕ್ಕಿಂತ ಮೊದಲು ಅವನ ಕೈಗೆ ಕಾಗದ ಸಿಗ್ಬೇಕು. ಕಡಬದ ಬಸ್ಸು ಒಂಬತ್ತೂವರೆಗೆ. ಡ್ರೈವರ್ ಪರಿಚಯ ಉಂಟು.

ನಾಲ್ಕು ಸಲ ಹರಿದೆ. ಮೊದಲನೇದರಲ್ಲಿ 'ವಿಷಯ' ಅಂತ ಹಾಕಿ ಅಡಿಗೆರೆ ಎಳೆದಿದ್ದೆ. ಅಭ್ಯಾಸ. ಎರಡನೇದರಲ್ಲಿ ತಪ್ಪು ಯುನಿವರ್ಸಿಟಿಯದ್ದು ಅಂತ ಬರೆದಿದ್ದೆ. ಮೂರನೇದರಲ್ಲಿ ಜ್ವರದ್ದು. ನಾಲ್ಕನೇದರಲ್ಲಿ ಅಲ್ಲಾಹನ ವಿಧಿ.

ಹಕೀಮನ ಮೇಲೆ ಯಾರೂ ಇಲ್ಲ. ಅವನ ಅಪ್ಪ ಇಲ್ಲ, ಅಣ್ಣ ಇಲ್ಲ. ನಕಲು ಕಳಿಸ್ಲಿಕ್ಕೆ ಒಂದು ಹೆಸರಿಲ್ಲ. ಅವನಿಗೇ ಬರೀಬೇಕು, ನೇರ. ನಾಲ್ಕು ಸಾಲು ಸಾಕು. ಎದುರು ನೆಬೀಸ ಕೂತಿದ್ದಾಳೆ, ನಾನು ಎಂತ ಬರೀತೇನೆ ಅಂತ ನೋಡ್ತಾ.

ಇಲ್ಲೇ ಬರೆದು ನೋಡ್ತೇನೆ, ಮತ್ತೆ ಇಳಿಸಿಕೊಂಡ್ರಾಯ್ತು.

ಹಕೀಮ್, ಪರೀಕ್ಷೆ ತಪ್ಪಿದ್ದು ಅವಳಿಂದ ಅಲ್ಲ, ನನ್ನಿಂದ. ಸೆಪ್ಟೆಂಬರ್ ತನಕ ನೀನು ನಿಕಾಹ್ ನಿಲ್ಲಿಸ್ಬೇಕು.