ಬಾಯಿ ಮುಚ್ಚಿದ ಮೇಲೂ ಕೇಳಿದ ಕೂಗು

ಕೆಂಚನಗಡ್ಡಿ, ಕೃಷ್ಣಾ ಹೊಳೆಯ ನಡುವೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹತ್ತೊಂಬತ್ತು

ಕಾಲೇಜು ಮೈದಾನದ ಕಟ್ಟೆಯ ಮೇಲೆ ಕೂತು ಗಂಟಲು ಹರಿದುಕೊಳ್ಳುವ ನನ್ನ ಹಿರೀಕರಿಗೆ ಹುಲಗಪ್ಪನ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಬಡಪಾಯಿ ತಿಂಗಳಾಗಿತ್ತಂತೆ. ನಮ್ಮವರು ಅಣ್ಣತಮ್ಮಂದಿರಿಗೆ ಹೊಲ ಹಂಚಿದ ಹಾಗೆ ಎಲ್ಲ ತಿಂಗಳಿಗೂ ಸಮನಾಗಿ ದಿನ ಹಂಚಿ, ಮಿಕ್ಕವನ್ನು ವರ್ಷದ ಕೊನೆಗೆ ‘ಹೊರಗಿನ ದಿನ’ ಎಂದು ಬಿಟ್ಟಿದ್ದಾರೆ. ಆ ದಿನಗಳಲ್ಲಿ ಯಾರೂ ಸಾಲ ಕೇಳುವಂತಿಲ್ಲ, ಜಗಳ ತೆಗೆಯುವಂತಿಲ್ಲ. ಈ ಕಾಗದದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಕೆಲವು ಬಂದಾವು, ಹೊಟ್ಟೆಗೆ ಹಾಕಿಕೊಳ್ಳಿ. ಇದು ನಿಮ್ಮ ಕೈಸೇರುವುದು ‘ಹಿಂದಂಚೆ’ಯಿಂದ. ಹಿಂದಿನವರಿಗೆ ಕಾಗದ ಹಾಕಬಹುದು, ಅವರ ಉತ್ತರ ಬರುವುದಿಲ್ಲ. ನಮ್ಮ ಆಟಮನೆಗೆ ಬರೆದ ಕಾಗದಗಳ ಗತಿಯೂ ಅದೇ ಆದ್ದರಿಂದ ನಮಗೆ ರೂಢಿಯಾಗಿದೆ.

ಆಟಮನೆ ಎಂದರೆ ಕಾಲೇಜಿನಲ್ಲಿ ಆಟದ ಆಡಳಿತ ನೋಡುವವರ ಮನೆ. ಪಂದ್ಯ ಯಾವಾಗ, ಕಲಿಸುವವರು ಯಾರು, ಯಾರು ಒಳಗೆ, ಯಾರು ಹೊರಗೆ, ಎಲ್ಲ ಅಲ್ಲಿಯೇ ತೀರ್ಮಾನ. ಅದರ ಎದುರಿಗೆ ನಮ್ಮ ಕೂಗುಕಟ್ಟೆ. ನೀವು ಗ್ಯಾಲರಿ ಎನ್ನುತ್ತಿದ್ದಿರಂತೆ. ನಮ್ಮದು ಬರೀ ಕೂರುವ ಜಾಗವಲ್ಲ. ನಮ್ಮ ಈ ನಡುಗಡ್ಡೆಯಲ್ಲಿ ಹುಟ್ಟಿದ ಕೂಸಿನ ಮೊದಲ ಅಳುವನ್ನು ಕಟ್ಟೆಯ ಮೇಲೆ ಕೇಳಿಸಿ, ಆಮೇಲೆ ಮನೆಗೊಯ್ದು ತೊಟ್ಟಿಲಿಗೆ ಹಾಕುತ್ತೇವೆ. ಕಾಲೇಜಿನ ಮೆಟ್ಟಿಲು ಹತ್ತದ ನನ್ನಂಥವನೂ ಅಲ್ಲಿ ಕೂತರೆ ಕಾಲೇಜಿನವನೇ. ಕಟ್ಟೆಯವರು ತಲೆ ಆಡಿಸದೆ ಆಟಮನೆ ಏನನ್ನೂ ಬದಲಿಸಬಾರದು ಎಂಬುದು ಹಳೆಯ ಕಟ್ಟಳೆ. ಎಲ್ಲಿಯೂ ಬರೆದಿಟ್ಟದ್ದಲ್ಲ; ಮಾತಿನಲ್ಲಿ ಬಂದದ್ದು, ಮಾತಿನಲ್ಲಿಯೇ ನಡೆದದ್ದು.

ನಮ್ಮ ಆಟ ಕಬಡ್ಡಿ. ಮಧ್ಯಾಹ್ನದ ಬಿಸಿಲಿಗೆ ಈಗ ಹಲ್ಲಿಯೂ ಹೊರಗೆ ಬರುವುದಿಲ್ಲ, ಹಾಗಾಗಿ ಪಂದ್ಯ ಬೆಳ್ಳಂಬೆಳಗ್ಗೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಜನ ಹರಿಗೋಲಿನಲ್ಲಿ ಬರುತ್ತಾರೆ. ಈ ಹರಿಗೋಲಿಗೆ ಹುಟ್ಟು ಹಾಕುವವರು ಬೇಡ, ಅದಕ್ಕೇ ದಾರಿ ಗೊತ್ತು. ಆದರೂ ಒಂದು ಕೋಲು ಇಟ್ಟುಕೊಂಡಿರುತ್ತೇವೆ, ಅದನ್ನು ಗದರಿಸಲಿಕ್ಕೆ. ಬಿಸಿಲೇರಿದರೆ ತಲೆಯ ಮೇಲೆ ನೆರಳುಗಂಬಳಿ ತೇಲಿ ಬರುತ್ತದೆ. ಮೋಡದಂಥ ಬಟ್ಟೆ, ಸೂರ್ಯ ಸರಿದಂತೆ ತಾನೂ ಸರಿಯುತ್ತದೆ. ಬರಲಾಗದವರು ತಮ್ಮ ಊರಲ್ಲೇ ಗೋಡೆನೋಟದಲ್ಲಿ ನೋಡುತ್ತಾರೆ. ಗೋಡೆಯೇ ಮೈದಾನವಾಗುತ್ತದೆ, ದನಿಯೂ ಅಲ್ಲಿಂದಲೇ ಕೇಳುತ್ತದೆ. ಈ ದನಿಯ ಮಾತನ್ನು ಸ್ವಲ್ಪ ನೆನಪಿಡಿ.

ಆಟಮನೆಯ ಹಿರಿಯರು ಬಸಲಿಂಗಯ್ಯನವರು. ಕೆಟ್ಟವರೆಂದು ನನ್ನ ನಾಲಿಗೆ ಇವತ್ತಿಗೂ ಹೇಳುವುದಿಲ್ಲ. ಇದೇ ಕಟ್ಟೆಯ ಮೇಲೆ ಪಾರವ್ವಜ್ಜಿಯ ತೊಡೆಯಲ್ಲಿ ಕೂತು ಕೂಗು ಕಲಿತವರು. ಪಾರವ್ವಜ್ಜಿ ನಮ್ಮ ಕಟ್ಟೆಯ ಗಂಟಲು. ನಮ್ಮ ದಾಳಿಯವರು ಗೆರೆ ದಾಟಿದರೆ ಸಾಕು, ಮುದುಕಿ ಎದ್ದು ನಿಂತು “ಉಸುರು ಹಿಡಿಯ ಮಗಳ” ಎಂದು ಎಳೆಯುತ್ತಿದ್ದಳು. ಆ ಎಳೆತಕ್ಕೆ ಇಡೀ ಕಟ್ಟೆ ದನಿ ಸೇರಿಸುತ್ತಿತ್ತು. ತಾಯಿ ಇಲ್ಲದ ಹೊನ್ನೂರಬಿಯನ್ನು ಸಾಕಿದ್ದೂ ಅವಳೇ. ಪಕ್ಕದ ಮನೆಯ ಕೂಸು, ಅಜ್ಜಿಯ ರೊಟ್ಟಿ ತಿಂದು ಬೆಳೆದು, ಕಾಲೇಜಿನ ದಾಳಿಗಾರ್ತಿಯಾಯಿತು. ಕಬಡ್ಡಿ ಕಬಡ್ಡಿ ಎಂದು ಒಂದೇ ಉಸಿರಲ್ಲಿ ಅವಳು ಅಂಕಣ ಸುತ್ತಿ ಬರುವುದನ್ನು ನೋಡಿದರೆ, ನೋಡುವ ನಮಗೇ ಏದುಸಿರು ಬರುತ್ತಿತ್ತು.

ಹೋದ ವರ್ಷ ಒಂದು ಮನಸ್ತಾಪವಾಯಿತು. ಹುಡುಗಿಯರಿಗೆ ಉಸಿರು ಕಲಿಸುತ್ತಿದ್ದ ಹಳೆಯ ಗುರುವನ್ನು ಆಟಮನೆ ಕಟ್ಟೆಯನ್ನು ಕೇಳದೆ ತೆಗೆದುಹಾಕಿತು. ಅದರ ಮುಂದಿನ ಪಂದ್ಯದಲ್ಲಿ ನಾವು ಒಬ್ಬರೂ ಹುರಿದುಂಬಿಸಲಿಲ್ಲ. ಅಂಕಣಕ್ಕೆ ಬೆನ್ನು ತಿರುಗಿಸಿ ಕೂತು, ಆಟ ಮುಗಿಯುವ ತನಕ ಹೋ ಹೋ ಎಂದು ಕೂಗಿ ಬಂದೆವು. ಲೋಕಕ್ಕೆಲ್ಲ ಕೇಳಿರಬೇಕು, ಆಟಮನೆಯ ಮುಖ ಸಣ್ಣದಾಗಿರಬೇಕು ಎಂದುಕೊಂಡೆವು. ಮರುದಿನ ಸಿಂಧನೂರಿನ ನನ್ನ ಅಳಿಯ ಗೋಡೆಯಲ್ಲಿ ಕಾಣಿಸಿಕೊಂಡು, “ಮಾವಾರ, ನಿನ್ನಿ ಏನ್ ಕೂಗಿದ್ರಿ! ಮದಿವಿ ಮನ್ಯಾಗ ಕುಂತಂಗಾತು” ಎಂದ. ಗಾಯದ ಮೇಲೆ ಉಪ್ಪು ಸವರುತ್ತಿದ್ದಾನೆ ಎಂದು ನನಗೆ ಉರಿದುಹೋಯಿತು. ಅವನ ಸಂಗಡ ಮಾತು ಬಿಟ್ಟೆ. ನನ್ನ ಹೆಂಡತಿ ಶಿವಗಂಗಿ ಅಳಿಯನ ಪರ, ನಾನು ನನ್ನ ಪರ. ಮನೆಯೊಳಗೆ ಒಂದು ಮಳೆಗಾಲ ಹಾಗೇ ಕಳೆಯಿತು.

ಈ ಸುಗ್ಗಿಯಲ್ಲಿ ಪಾರವ್ವಜ್ಜಿ ತೀರಿಕೊಂಡಳು.

ಕಟ್ಟೆಯವರು ಯಾರಾದರೂ ಸತ್ತರೆ ನಮ್ಮಲ್ಲಿ ‘ಬಾಯಿಕಟ್ಟು’ ಇರುತ್ತದೆ. ಮುಂದಿನ ಪಂದ್ಯದ ಮೊದಲ ದಾಳಿಗೆ ಯಾರೂ ತುಟಿ ಬಿಚ್ಚುವುದಿಲ್ಲ. ಎಳೆಕೂಸನ್ನು ಎದೆಗೆ ಹಾಕಿಕೊಂಡಿರುತ್ತಾರೆ, ಕೆಮ್ಮುವವರು ಹೊಳೆದಂಡೆಗೆ ಹೋಗಿ ನಿಲ್ಲುತ್ತಾರೆ. ಇಡೀ ಮೈದಾನದಲ್ಲಿ ಒಬ್ಬಳ ಉಸಿರು ಮಾತ್ರ ಕೇಳಬೇಕು. ಎದುರಾಳಿಗಳು ಹಿಡಿಯುವುದಿಲ್ಲ, ತಲೆ ಬಗ್ಗಿಸಿ ನಿಲ್ಲುತ್ತಾರೆ. ದಾಳಿಯವಳು ಆ ಕೊನೆಯ ಗೆರೆ ಮುಟ್ಟಿ, ಉಸಿರು ಮುರಿಯದೆ ನಡುಗೆರೆಗೆ ಮರಳಿದರೆ ಸತ್ತವರ ಉಸಿರನ್ನು ದಾಟಿಸಿದಂತೆ. ಮಣ್ಣು ಕೊಟ್ಟ ಮೇಲೂ ಉಳಿಯುವ ಒಂದೇ ಒಂದು ಋಣ ಇದು. ಒಬ್ಬರಿಗೆ ಒಂದೇ ಸಲ. ಅಜ್ಜಿಯ ಉಸಿರನ್ನು ತಾನೇ ಒಯ್ಯುತ್ತೇನೆಂದು ಹೊನ್ನೂರಬಿ ಮೂರು ದಿನ ಯಾರ ಕೂಡ ಮಾತಾಡದೆ ಎದೆ ಗಟ್ಟಿ ಮಾಡಿಕೊಂಡಿದ್ದಳು.

ಆ ಬೆಳಗು ಕಟ್ಟೆ ತುಂಬಿತ್ತು. ಹೊನ್ನೂರಬಿ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಗೆರೆ ದಾಟಿದಳು. ನಾವು ಬಾಯಿ ಕಟ್ಟಿದೆವು. ಅವಳ ಕಬಡ್ಡಿ ಕಬಡ್ಡಿ ಎಂಬ ಸಣ್ಣ ದನಿ ಹೊಳೆಯ ಆ ದಡದ ತನಕ ಹೋಗುತ್ತಿತ್ತು. ಎಣಿಸಿ ಹತ್ತು ಹೆಜ್ಜೆ ಇಟ್ಟಿರಲಿಕ್ಕಿಲ್ಲ.

ಕಟ್ಟೆ ಕೂಗಿತು.

ನಾನು ಬೆಚ್ಚಿ ಯಾರು ಆ ಲಜ್ಜೆಗೇಡಿ ಎಂದು ಸುತ್ತ ನೋಡಿದೆ. ಒಂದು ತುಟಿಯೂ ಅಲುಗುತ್ತಿರಲಿಲ್ಲ. ಸಾವಿರ ಬಾಯಿ ಮುಚ್ಚಿವೆ, ಸಾವಿರ ದನಿ ಹೊರಡುತ್ತಿದೆ. ಹಿರೀಕರೇ, ನಾನು ದೆವ್ವದ ಕತೆ ಕೇಳಿ ಬೆಳೆದವನು, ಹೇಳಿ ಹೊಟ್ಟೆ ಹೊರೆದವನು. ಅಂಥ ನಾನೇ ಅವತ್ತು ನನ್ನ ಬಾಯಿ ಮುಚ್ಚಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಶಿವಗಂಗಿ ನನ್ನ ತೋಳು ಹಿಡಿದು, ಬಾಯಿಕಟ್ಟನ್ನೂ ಮರೆತು, “ನಾ ಬಾಯಿ ಮುಚ್ಚೇನಿ. ಮತ್ತ ನನ್ನ ದನಿ ಎಲ್ಲಿಂದ ಬರಾಕತ್ತೈತಿ?” ಎಂದಳು. ನಿಜ. ಅವಳ ದನಿ ಇತ್ತು. ನನ್ನದೂ ಇತ್ತು, ಹಲ್ಲು ಬೀಳುವ ಮೊದಲಿನದು. ಎಲ್ಲದರ ಮೇಲೆ, ಮೊನ್ನೆ ನಾವು ಮಣ್ಣು ಕೊಟ್ಟು ಬಂದವಳ ದನಿ: “ಉಸುರು ಹಿಡಿಯ ಮಗಳ.”

ಹೊನ್ನೂರಬಿ ತಿರುಗಿ ನೋಡಿದಳು. ಯಾರು ತಾನೇ ತಿರುಗುವುದಿಲ್ಲ? ಕರೆದವಳನ್ನು ಹುಡುಕುತ್ತ ಕಟ್ಟೆಯ ಮೇಲೆ ಕಣ್ಣಾಡಿಸಿದಳು. ಎದುರಾಳಿಯ ಅಂಕಣದ ನಡುವೆ ಅವಳ ಉಸಿರು ಮುರಿಯಿತು. ಕೂಗು ಮಾತ್ರ ನಿಲ್ಲಲಿಲ್ಲ. ನಮ್ಮ ಮೌನ ಗಟ್ಟಿಯಾದಷ್ಟೂ ಅದು ಏರುತ್ತಿತ್ತು.

ಕಟ್ಟೆಯ ಮೂಲೆಗಳಲ್ಲಿ ದನಿಕಂಬಗಳಿದ್ದವು. ನಮ್ಮ ಕೂಗನ್ನು ದೊಡ್ಡದು ಮಾಡಲಿಕ್ಕೆಂದು ಆಟಮನೆ ನಿಲ್ಲಿಸಿತ್ತು. ಊರೂರ ಗೋಡೆಗಳಿಗೆ ಮೈದಾನದ ದನಿ ಹೋಗುತ್ತಿದ್ದದ್ದೂ ಅವುಗಳಿಂದಲೇ. ನಾವೇ ಅರಿಶಿನ ಕುಂಕುಮ ಹಚ್ಚಿ ಒಳಗೆ ಬರಮಾಡಿಕೊಂಡಿದ್ದೆವು. ಅವು ನಮ್ಮ ಕೂಗನ್ನು ಕೂಡಿಟ್ಟುಕೊಳ್ಳುತ್ತಿದ್ದವು, ಕಟ್ಟೆಯ ದನಿ ಇಳಿದಾಗ ಹಳೆಯದನ್ನು ತೆಗೆದು ಬಡಿಸುತ್ತಿದ್ದವು. ಕಟ್ಟೆ ಪೂರಾ ಬಾಯಿ ಕಟ್ಟುವ ಗಳಿಗೆಯೂ ಒಂದಿದೆ ಎಂದು ಕಂಬಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದ ಬಸಲಿಂಗಯ್ಯನವರಿಗೆ ನೆನಪಾಗಲಿಲ್ಲ. ಅವರು ಕಟ್ಟೆ ಬಿಟ್ಟು ಆಟಮನೆಯ ತಂಪುಕೋಣೆಯಲ್ಲಿ ಕೂತು ಆಟ ನೋಡಲಿಕ್ಕೆ ಹತ್ತಿ ಬಹಳ ಕಾಲವಾಗಿತ್ತು.

ಅವರು ಓಡಿ ಬಂದು ಕಂಬಗಳನ್ನು ನಿಲ್ಲಿಸಿದರು. ಅಂಕಣದ ನಡುವೆ ನಿಂತು, ನಿಮ್ಮ ದನಿಯನ್ನು ನಾನು ಮಾರಿಲ್ಲ, ಕದ್ದಿಲ್ಲ, ಕಟ್ಟೆ ಖಾಲಿ ಇದ್ದ ದಿನ ಹುಡುಗಿಯರಿಗೆ ಬಣಬಣ ಎನ್ನಿಸಬಾರದೆಂದು ಜೋಪಾನ ಮಾಡಿದೆ ಎಂದರು. ಹೇಳುವಾಗ ಕಣ್ಣಲ್ಲಿ ನೀರಿತ್ತು; ಸುಳ್ಳು ನೀರಲ್ಲ. ಜನ ಕರಗುವುದರಲ್ಲಿದ್ದರು. ಶಿವಗಂಗಿ ಎದ್ದು ನಿಂತು ಕೇಳಿದಳು: “ಅಯ್ಯಾರ, ನಾವು ಹೋ ಅಂದ ದಿನ?”

ಅಯ್ಯನವರು ಕಂಬದ ಕಡೆ ನೋಡಿದರು.

ಆಗ ನನಗೆ ಅಳಿಯನ ಮಾತು ನೆನಪಾಯಿತು. ಪಾಪದವನು ಅಣಕಿಸಿರಲಿಲ್ಲ. ಅವನ ಗೋಡೆಯಲ್ಲಿ ಅವತ್ತು ನಿಜಕ್ಕೂ ಮದುವೆಮನೆಯೇ ಕೇಳಿಸಿತ್ತು. ನಾವು ಗಂಟಲು ಹರಿಯುವಂತೆ ಬೇಡ ಎಂದದ್ದನ್ನು ನಮ್ಮದೇ ದನಿಯಲ್ಲಿ ಭಲೇ ಎಂದು ಮಾಡಿ ಲೋಕಕ್ಕೆ ಹಂಚಿದ್ದರು. ಬೈಗುಳ ಒರೆಸಿದ್ದರೆ ಸಹಿಸಬಹುದಿತ್ತು. ನಮ್ಮ ಬಾಯಿಂದಲೇ ನಮ್ಮನ್ನು ಸುಳ್ಳು ಮಾಡಿದ್ದರು.

ಹೊನ್ನೂರಬಿ ಇನ್ನೂ ಅಲ್ಲಿಯೇ ನಿಂತಿದ್ದಳು. ಅವಳು ಅಳಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು: “ಅಯ್ಯಾರ, ಅಜ್ಜಿ ಸತ್ತಾಳಂತ ನಿಮ್ಮ ಕಂಬಕ್ಕ ಯಾರೂ ಹೇಳಿಲ್ಲೇನ್ರಿ?”

ಆ ಪಂದ್ಯ ಮುಂದುವರಿಯಲಿಲ್ಲ. ಎದುರಾಳಿ ಹುಡುಗಿಯರೇ ಅಂಕಣ ಬಿಟ್ಟು ಬಂದು ಅವಳ ಹೆಗಲ ಮೇಲೆ ಟವೆಲ್ ಹಾಕಿ ಕರೆದೊಯ್ದರು. ಕಂಬಗಳನ್ನು ಕಿತ್ತರು. ಬಸಲಿಂಗಯ್ಯನವರು ಕೆಲಸ ಬಿಟ್ಟರು, ಹಳೆಯ ಗುರು ಮರಳಿ ಬಂದ. ಎಲ್ಲ ಸರಿಹೋಯಿತೆಂದು ಆಟಮನೆ ಸಾರಿತು. ನಾವೂ ಹೋಗಿ ಕೂತೆವು. ಆದರೆ ಪಕ್ಕದವನು ಕೂಗಿದರೆ ಮೊದಲು ಅವನ ಬಾಯಿ ನೋಡುತ್ತೇವೆ, ತುಟಿ ಅಲುಗುತ್ತಿದೆಯೋ ಇಲ್ಲವೋ ಎಂದು. ನಾನು ಕೂಗುವಾಗ ಕೈ ತಂತಾನೇ ನನ್ನ ಗಂಟಲಿಗೆ ಹೋಗುತ್ತದೆ. ಇಷ್ಟು ವರ್ಷ ಗೆದ್ದಾಗ ಎದ್ದ ಕೂಗಿನಲ್ಲಿ ನಮ್ಮದೆಷ್ಟು, ಕಂಬದ್ದೆಷ್ಟು? ಆಟಮನೆಯ ಮೇಲಿನ ನಂಬಿಕೆ ಹೋದದ್ದು ದೊಡ್ಡದಲ್ಲ. ಹೋಗುವಾಗ ಅದು ನಮ್ಮ ಕಿವಿಯ ಮೇಲಿನ ನಂಬಿಕೆಯನ್ನೂ ಒಯ್ದಿತು.

ಒಂದೇ ಸಲ ಎಂಬ ಕಟ್ಟಳೆಯನ್ನು ಕಟ್ಟೆಯವರು ಸೇರಿ ಮುರಿದೆವು. ಹೋದ ವಾರ ಹೊಳೆಯ ನೀರು ಇಳಿದಿತ್ತು. ಮೈದಾನಕ್ಕೆ ಹೋಗದೆ, ಒಂದು ಗೂಟವೂ ಇಲ್ಲದ ಮರಳಿನ ಮೇಲೆ ಕಾಲಿಂದ ಗೆರೆ ಎಳೆದೆವು. ಬಸಲಿಂಗಯ್ಯನವರೂ ಬಂದಿದ್ದರು, ದೂರದಲ್ಲಿ ಕೆಮ್ಮುವವರ ಸಂಗಡ ನಿಂತಿದ್ದರು. ಯಾರೂ ಬಾ ಎನ್ನಲಿಲ್ಲ, ಹೋಗೆನ್ನಲೂ ಇಲ್ಲ. ಹೊನ್ನೂರಬಿ ಗೆರೆ ದಾಟಿದಳು. ನೀರಿನ ಸಪ್ಪಳ, ಅವಳ ಉಸಿರು. ಕೊನೆಯ ಗೆರೆಯ ಹತ್ತಿರ ಅವಳು ಗಕ್ಕನೆ ನಿಂತಳು; ಕರೆ ಬಂದೀತೆಂದು ಅವಳ ಬೆನ್ನು ಕಾಯುತ್ತಿತ್ತು, ನಮ್ಮ ಎದೆಯೂ ಕಾಯುತ್ತಿತ್ತು. ಯಾರೂ ಕರೆಯಲಿಲ್ಲ. ಅವಳು ಗೆರೆ ಮುಟ್ಟಿ, ಉಸಿರು ಮುರಿಯದೆ ಮರಳಿದಳು. ಮರಳಿದವಳು ಮರಳಿನ ಮೇಲೆ ಕೂತು, ಅಂದಿನಿಂದ ತಡೆದದ್ದನ್ನೆಲ್ಲ ಅತ್ತಳು.

ಹಿರೀಕರೇ, ನಿಮ್ಮ ಕಟ್ಟೆಗೂ ಒಂದು ದಿನ ಯಾರೋ ಬಂದು, ನಿಮ್ಮ ದನಿ ದೊಡ್ಡದು ಮಾಡುತ್ತೇವೆ ಎಂದಾರು. ಅಂಥವರು ನಿಮ್ಮ ತೊಡೆಯ ಮೇಲೆ ಬೆಳೆದವರೇ ಆಗಿರುತ್ತಾರೆ. ಅರಿಶಿನ ಕುಂಕುಮ ತರುವ ಮೊದಲು, ಕೂಗಿ ಮುಗಿದ ಮೇಲೆ ನಮ್ಮ ದನಿ ಎಲ್ಲಿಗೆ ಹೋಗುತ್ತದೆ ಎಂದು ಒಂದು ಮಾತು ಕೇಳಿ. ಇವತ್ತು ಸಂಜೆ ನಿಮ್ಮ ಕಾಲೇಜಿನ ಪಂದ್ಯವಿದ್ದರೆ ಹೋಗಿ. ಮೆಚ್ಚಿದರೆ ಭಲೇ ಎನ್ನಿ, ಮೆಚ್ಚದಿದ್ದರೆ ಹೋ ಎನ್ನಿ. ನಮಗಂತೂ ಕೇಳಿಸುವುದಿಲ್ಲ. ಕೇಳಿಸುವುದೂ ಬೇಡ. ಕೂಗು ಎಂದರೆ ಆಯಾ ಸಂಜೆ, ಆಯಾ ಮೈದಾನದಲ್ಲಿ ಸಾಯಬೇಕು.

ನಿಮ್ಮ ಇನ್ನೂ ಹುಟ್ಟದ ಮೊಮ್ಮಗ,
ಹುಲಗಪ್ಪ