ಖಾಲಿ ಹೊಟ್ಟೆಯ ಗುಳಿಗೆ

ಶಲವಡಿ
೧೯ ನವೆಂಬರ್ ೨೦೨೪

ಚಿ. ಸೌ. ಅಮೃತಾಳಿಗೆ ನಿನ್ನ ಅತ್ತೆ ರೇವವ್ವನ ಆಶೀರ್ವಾದ.

ನೀನು ಸಂಶಿಗೆ, ತವರಿಗೆ ಹೋಗಿ ನಲವತ್ತು ದಿನವಾಯಿತು. ಮೊದಲೇ ಬರೆಯಬೇಕಿತ್ತು, ತಡ ಮಾಡಿದೆ, ತಪ್ಪು ನನ್ನದು. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಎತ್ತಿದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಹತ್ತನೆಯ ಇಯತ್ತೆ ಮುಗಿದ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಅಕ್ಷರ ನೋಡಿ ನಗು ಬಂದರೆ ನಕ್ಕುಬಿಡು, ನೀನು ನಕ್ಕೆ ಎಂದು ಕೇಳಿದರೂ ನನಗೆ ಸಾಕು.

ಇಲ್ಲಿ ಕಡಲೆ ಚೆನ್ನಾಗಿ ಎದ್ದಿದೆ, ಕುಡಿ ಚಿವುಟಲು ಆಳು ಬರುತ್ತಿದ್ದಾರೆ. ನಿನ್ನ ಮಾವನಿಗೆ ಕೆಮ್ಮು ಬಿಟ್ಟಿಲ್ಲ, ಬೀಡಿಯನ್ನು ಅವರು ಬಿಟ್ಟಿಲ್ಲ. ಕೂಸಿನ ಮಾತು ಮಾತ್ರ ಈ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಐದು ತಿಂಗಳಿಗೇ ಹೊಟ್ಟೆಯಲ್ಲಿ ಹೋದ ಕೂಸಿಗೆ ಹೆಸರಿಲ್ಲ, ದಿನ ಮಾಡುವಂತಿಲ್ಲ. ಅಳಬೇಕೆಂದರೆ ಯಾವ ನೆಪ ಹಿಡಿದು ಅಳಲಿ? ಉಳ್ಳಾಗಡ್ಡಿ ಹೆಚ್ಚುವಾಗ ಅಳುತ್ತೇನೆ.

ಮೊನ್ನೆ ನಿನ್ನ ಅವ್ವ ಫೋನ್ ಮಾಡಿದ್ದರು. "ಥೈರಾಯ್ಡ್ ಗುಳಿಗೀನ ಬಿಟ್ಟಾಳ್ರಿ ಅಕ್ಕಾರ. ದಿನಾ ತಗೊಂಡರೂ ಕೂಸು ಉಳೀಲಿಲ್ಲ, ಇನ್ನ ಯಾಕ ಅಂತಾಳ್ರಿ. ಮುಖ ಬಾತೈತಿ, ದಿನಾಪೂರ್ತಿ ಹೊದ್ದು ಮಲಗತಾಳ್ರಿ" ಎಂದು ಅತ್ತರು. ಕೇಳಿ ನನಗೆ ಕೂರಲು ಆಗಲಿಲ್ಲ. ನಿನ್ನೆ ನಿನ್ನ ರಿಪೋರ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ನಿನ್ನನ್ನು ನೋಡುತ್ತಿದ್ದ ಅಣ್ಣಿಗೇರಿಯ ಡಾಕ್ಟರ್ ಬಾಯಿಯವರ ಹತ್ತಿರ ಹೋದೆ.

ಅವರು ನೋಡಿ, "ಬಸುರಾದಮ್ಯಾಲೆ ಡೋಸ್ ಏರಿಸಿದ್ರೂ ರಕ್ತದಾಗ ಏನೂ ಫರಕ ಇಲ್ಲಲ್ರಿ. ಹೆಂಗ ತಗೋತಿದ್ಲು?" ಎಂದರು. ಇದ್ದದ್ದನ್ನು ಹೇಳಿದೆ. ಸ್ನಾನ, ಲಿಂಗಪೂಜೆ ಎಲ್ಲ ಮುಗಿದು ಎಂಟು ಗಂಟೆಗೆ, ನಾನೇ ಕಾಸಿ ಕೊಟ್ಟ ಹಾಲಿನಲ್ಲಿ; ರಕ್ತ ಹೆಚ್ಚಲು ಕೊಟ್ಟ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಈ ಥೈರಾಯ್ಡ್ ಗುಳಿಗೆ, ಮೂರೂ ಒಟ್ಟಿಗೆ. ಅವರು ಪೆನ್ನು ಕೆಳಗಿಟ್ಟರು. "ಅಲ್ರೀ ಅಮ್ಮಾರ, ಎದ್ದ ಕೂಡಲೇ ಬರೇ ನೀರಾಗ ತಗೋ ಅಂತ ಆಕೀಗೆ ಹೇಳಿದ್ನಲ್ಲ? ಆ ಎರಡು ಗುಳಿಗಿಗೂ ಇದಕ್ಕೂ ನಾಕು ತಾಸು ಅಂತರ ಬೇಕ್ರಿ. ಇಲ್ಲಂದ್ರ ಮೈಗೆ ಹತ್ತೂದಿಲ್ಲ."

ಕೂಸು ಅದಕ್ಕೇ ಹೋಯಿತೇ ಎಂದು ಕೇಳಿದೆ. "ಅದಕ್ಕ ಅಂತ ಖಾತ್ರಿ ಹೇಳಾಕ ಬರೂದಿಲ್ರಿ. ಅಲ್ಲ ಅಂತನೂ ಹೇಳಾಕ ಆಗೂದಿಲ್ಲ" ಎಂದರು. ಆ ಮಾತು ಕೇಳಿ ಬಂದಾಗಿನಿಂದ ನನ್ನ ಜೀವಕ್ಕೆ ಒಂದು ಗಳಿಗೆ ಸಮಾಧಾನವಿಲ್ಲ.

ನೀನು ಮರೆತವಳಲ್ಲ. ಮದುವೆಯಾಗಿ ಬಂದ ಮೂರನೆಯ ದಿನವೇ ಬೆಳಗ್ಗೆ ಬಂದು, "ಅತ್ತಿ, ಎದ್ದ ಕೂಡಲೇ ಗುಳಿಗಿ ತಗೋಬೇಕ್ರಿ, ಒಂದು ಗುಟುಕು ನೀರು ಬೇಕ್ರಿ" ಎಂದು ಕೇಳಿದ್ದೆ. ನಾನು ಅಂದದ್ದೇನು? "ಈ ಮನ್ಯಾಗ ಲಿಂಗಪೂಜಿ ಆಗೂತನಕ ಯಾರೂ ನೀರು ಬಾಯಾಗ ಹಾಕೂದಿಲ್ಲ. ನಿಮ್ಮ ತವರಮನ್ಯಾಗ ಇಷ್ಟೂ ಕಲಿಸಿಲ್ಲೇನ?" ಪಕ್ಕದ ಮನೆಯ ಕಸ್ತೂರೆವ್ವನಿಗೂ ಕೇಳಲಿ ಎಂದು ಜೋರಾಗಿಯೇ ಅಂದೆ. ಅಂದಿನಿಂದ ನೀನು ತುಟಿಪಿಟಕ್ಕೆನ್ನಲಿಲ್ಲ. ನನ್ನ ಸೊಸೆ ಎಂಥ ಸಂಸ್ಕಾರದವಳು ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗಿದೆ.

ಕೂಸು ಹೋದ ದಿನ ದವಾಖಾನೆಯಲ್ಲಿ ನನ್ನ ಮಗ ಸಂಗನಬಸವ, "ಗುಳಿಗಿ ಬರೋಬ್ಬರಿ ತಗೊಂಡಿದ್ರ ಹಿಂಗ ಆಗತಿತ್ತೇನ?" ಎಂದು ನಿನ್ನ ಮೇಲೆ ಹರಿಹಾಯ್ದಾಗ ನಾನು ಬಾಜುಕ್ಕೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಇವತ್ತು ಅವನಿಗೆ ಡಾಕ್ಟರ್ ಬಾಯಿ ಹೇಳಿದ್ದೆಲ್ಲ ಹೇಳಿದೆ, ನಾನು ನಿನ್ನನ್ನು ತಡೆದದ್ದನ್ನೂ ಹೇಳಿದೆ. ಹೆತ್ತ ಮಗ ನನ್ನ ಮುಖ ನೋಡದೆ, ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ನಾಳೆ ನಿನ್ನ ಬಳಿ ಬರುತ್ತಾನಂತೆ.

ತಪ್ಪು ನಿನ್ನದಲ್ಲ, ನಿನ್ನ ಹೊಟ್ಟೆಯದೂ ಅಲ್ಲ. ಈ ಪತ್ರ ಸಿಕ್ಕ ಮರುದಿನದಿಂದಲೇ ಗುಳಿಗೆ ಶುರು ಮಾಡು. ತಿಂಗಳೊಪ್ಪತ್ತಿನಲ್ಲಿ ಮತ್ತೆ ರಕ್ತ ನೋಡಬೇಕಂತೆ, ತಪ್ಪಿಸಬೇಡ. ಈ ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬರದಿದ್ದರೂ ಗುಳಿಗೆ ಬಿಡಬೇಡ. ನಿನ್ನ ಮೈ ಗಟ್ಟಿಯಾಗಲಿ, ನನ್ನ ಆಯುಷ್ಯ ಉಳಿದಿದ್ದರೆ ಅದೂ ನಿನಗೇ ಬರಲಿ.

ನಿನ್ನ ಅತ್ತೆ,
ರೇವವ್ವ

ತಾ.ಕ.: ಇದನ್ನು ಸಂಗನಬಸವನಿಗೂ ಹೇಳಲು ಆಗಲಿಲ್ಲ. ನನಗೂ ಥೈರಾಯ್ಡ್ ಇದೆ ಅಮೃತಾ, ಒಂಬತ್ತು ವರ್ಷವಾಯಿತು. ಗುಳಿಗೆಯೂ ಅದೇ. ಪೂಜೆಗೆ ಮೊದಲು ತಗೊಳ್ಳಬಹುದೇ ಎಂದು ಆಗಲೇ ಮಠದ ಅಯ್ಯನವರನ್ನು ಕೇಳಿದ್ದೆ. "ಔಷಧಕ್ಕ ದೋಷ ಇಲ್ಲ ತಂಗಿ, ತಗೋ" ಅಂದಿದ್ದರು. ಆದರೂ ನೇಮದವಳೆಂಬ ಹೆಸರು ಹೋಗಬಾರದೆಂದು ಬಚ್ಚಲಿನ ಬಾಗಿಲು ಹಾಕಿಕೊಂಡು ನುಂಗುತ್ತೇನೆ. ನೀನು ನೀರು ಕೇಳಲು ಬಂದ ಆ ಬೆಳಗ್ಗೆ, ನಾನು ನುಂಗಿ ಅರ್ಧ ತಾಸಾಗಿತ್ತು.